ಒಂದೂವರೆ ಸುತ್ತು

ಶಿವಾನಂದ, ಆ ನಟ್ಟು ಸಡಿಲಿಸಿದವಳು ನಾನು. ಅದು ತಾನಾಗಿ ಸಡಿಲಾಗಲಿಲ್ಲ, ರಸ್ತೆಯ ಕುಲುಕಾಟಕ್ಕೂ ಅಲ್ಲ, ನೀನು ನೋಡದೆ ಬಿಟ್ಟದ್ದಂತೂ ಅಲ್ಲವೇ ಅಲ್ಲ. ಪಾನಾ ಹಿಡಿದು, ಒಂದೂವರೆ ಸುತ್ತು, ಈ ಕೈಯಿಂದಲೇ. ಏಳು ವರ್ಷ ಬಾಯಿ ಬಿಡಲಿಲ್ಲ. ಈಗ ಬರೆಯುತ್ತಿದ್ದೇನೆ — ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀನು ತಂದಿದ್ದ ಆ ಎತ್ತರದ ಕಸದ ಗಾಡಿಯನ್ನು ವಾಪಸು ಕಳಿಸಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪ ಇರುವುದು ಬೇರೆ ಕಡೆ.

ನಿನಗೆ ನಾನು ಗೊತ್ತಿದ್ದದ್ದು ಬ್ಯಾಡಗಿಯಲ್ಲಿ ಕಸದ ಗಾಡಿ ಓಡಿಸುವ ನೀಲವ್ವ ಎಂದು. ಸ್ಟೇರಿಂಗ್ ಹಿಡಿಯುವ ಮೊದಲು ಹನ್ನೊಂದು ವರ್ಷ ಬುಟ್ಟಿ ಹೊತ್ತವಳು ಎಂದು ಗೊತ್ತಿರಲಿಲ್ಲ. ನಮ್ಮ ಸಾವಕಾರರ ಕಸ ಎತ್ತುವ ಗುತ್ತಿಗೆ ಮೆಣಸಿನಕಾಯಿ ಅಂಗಡಿಗಳದ್ದು, ಕಾಯಿಯ ತೊಟ್ಟು ಬಿಡಿಸುವ ಮನೆಗಳದ್ದು. ಸುಗ್ಗಿಯಲ್ಲಿ ಅಲ್ಲಿಂದ ಬರುವ ಕಸವೆಂದರೆ ತೊಟ್ಟು, ಬೀಜ, ಕೆಂಪು ದೂಳು. ಆ ಬುಟ್ಟಿಯನ್ನು ಸೊಂಟದ ಮಟ್ಟದಲ್ಲಿ ಸುರಿದರೆ ನಾಲ್ಕು ಸೀನು ಬರುತ್ತವೆ, ಅಷ್ಟೇ. ತಲೆಯ ಮೇಲೆತ್ತಿ ಸುರಿದರೆ ಅರ್ಧ ಗಾಡಿಗೆ, ಅರ್ಧ ನಮ್ಮ ಕಣ್ಣಿಗೆ. ನನ್ನ ಜೊತೆಗಾತಿ ಗಂಗವ್ವ ಆಗಿನ ಎತ್ತರದ ಟ್ರ್ಯಾಕ್ಟರ್ ಟ್ರೇಲರಿಗೆ ಬುಟ್ಟಿ ಎತ್ತಿ ಎತ್ತಿ, ಮಧ್ಯಾಹ್ನವಾಗುವಷ್ಟರಲ್ಲಿ ಎರಡೂ ಕಣ್ಣು ಊದಿಸಿಕೊಂಡು, ಒದ್ದೆ ಸೆರಗು ಒತ್ತಿಕೊಂಡು ಗೋಡೆಗೊರಗಿ ಕೂರುತ್ತಿದ್ದಳು. ಸುಗ್ಗಿ ಮುಗಿಯುವವರೆಗೆ ಮೊಮ್ಮಗಳನ್ನು ಎತ್ತಿಕೊಳ್ಳುತ್ತಿರಲಿಲ್ಲ, ತನ್ನ ತಲೆ-ಮೈಮೇಲೆ ಬಿದ್ದ ಖಾರ ಕೂಸಿಗೆ ತಾಗೀತೆಂದು.

ಹೊಸ ಗಾಡಿ ಕೊಳ್ಳುವ ಮಾತು ಬಂದಾಗ ಸಾವಕಾರರು ಎರಡನ್ನು ತರಿಸಿ ಓಡಿಸಿ ನೋಡಿದರು. ಒಂದು ಸಣ್ಣದು, ಅಂಚು ಸೊಂಟಕ್ಕೆ ಬರುವಂಥದ್ದು. ಇನ್ನೊಂದು ಗಾಡಿ ಮಾರುವ ಹಾವೇರಿಯ ಅಂಗಡಿಯಿಂದ ನೀನು ತಂದದ್ದು — ಸಣ್ಣದರ ಎರಡರಷ್ಟು ಕಸ ಹಿಡಿಯುವಂಥದ್ದು, ಅಂಚು ನನ್ನ ತಲೆಗಿಂತ ಮೇಲೆ. ಸಾವಕಾರರ ಕಣ್ಣು ಅದರ ಮೇಲೆಯೇ. ಶ್ರಾವಣದ ಜಿಟಿಜಿಟಿ ಮಳೆ, ಕಸವೆಲ್ಲ ಒದ್ದೆ, ದೂಳಿನ ಸುಳಿವೇ ಇಲ್ಲ. ಅಂಥ ದಿನ ನೋಡಿದವರಿಗೆ ಆ ಗಾಡಿಯಲ್ಲಿ ಏನು ದೋಷ ಕಂಡೀತು? ನಾನು ಸುಮ್ಮನಿರಲಿಲ್ಲ, ಎದುರಿಗೇ ಹೇಳಿದೆ.

"ಅಂಚ ಭಾಳ ಎತ್ತರ ಆತ್ರಿ ಸಾವಕಾರ್ರ. ಸುಗ್ಗ್ಯಾಗ ಎಲ್ಲಾ ಕಣ್ಣಾಗ ಬೀಳತೈತ್ರಿ."

"ಎತ್ತರ ಆದ್ರ ಕಲ್ಲ ಇಟಗೊಂಡ ನಿಂದರ್ರಿ!" ಎಂದು ನಕ್ಕರು. ಪಕ್ಕದಲ್ಲಿದ್ದವರೂ ನಕ್ಕರು.

ನೀನು ಚಹಾ ಕುಡಿಯಲು ಹೋಗಿದ್ದೆ. ಪಾನಾ ನನ್ನ ಟ್ರ್ಯಾಕ್ಟರಿನ ಸೀಟಿನ ಕೆಳಗಿತ್ತು. ಕಸದ ಬಾಡಿಯನ್ನು ಮೇಲೆತ್ತುವ ಜಾಕಿಗೆ ಎಣ್ಣೆ ಹೋಗುವ ಪೈಪು, ಅದರ ತುದಿಯಲ್ಲೊಂದು ನಟ್ಟು — ಹುಡುಕಬೇಕಾಗಿಯೂ ಇರಲಿಲ್ಲ. ಒಂದೂವರೆ ಸುತ್ತು ತಿರುಗಿಸಿ ಪಾನಾ ಮತ್ತೆ ಸೀಟಿನ ಕೆಳಗಿಟ್ಟೆ.

ಕಸ ತುಂಬಿಕೊಂಡು ಊರ ಹೊರಗೆ ಸುರಿಯುವ ಜಾಗಕ್ಕೆ ಹೋದೆವು. ಗಾಡಿ ಓಡಿಸಿದವಳೂ ನಾನೇ, ಬಾಡಿ ಎತ್ತುವ ಹಿಡಿಕೆ ಎಳೆದವಳೂ ನಾನೇ. ಬಾಡಿ ಅರ್ಧ ಎದ್ದಿತು, ಎಣ್ಣೆ ಚಿಮ್ಮಿತು, ಅಲ್ಲಿಗೇ ನಿಂತಿತು. ನಾನು ಅಂದುಕೊಂಡದ್ದು ಇಷ್ಟೇ — ಗಾಡಿ ಸರಿ ಇಲ್ಲವೆಂದು ಸಾವಕಾರರು ಮೂಗು ಮುರಿಯುತ್ತಾರೆ, ನೀನು ಹಾವೇರಿಗೆ ಹೊಡೆದುಕೊಂಡು ಹೋಗುತ್ತೀ, ಮುಗಿಯಿತು. ಆದರೆ ನೀನು ಓಡಿಬಂದು, ಏನಾಯಿತೆಂದು ನೋಡಲು, ಆ ಬಾಡಿಯ ಕೆಳಗೇ ತಲೆ ಹಾಕಿದೆ. ಕನ್ನಡಿಯಲ್ಲಿ ನಿನ್ನ ಬೆನ್ನು ಕಂಡಿತು. ಬಾಡಿ ಇಳಿಯತೊಡಗಿತ್ತು.

"ಹೊರಗ ಬಾ ಶಿವಾನಂದಾ! ಪೈಪಿನ ನಟ್ಟ ಸಡ್ಲ ಐತಿ!"

ಒದರಿದೆ. ನೀನು ತಲೆ ಎಳೆದುಕೊಂಡೆ, ಬಾಡಿ ಧಡ್ಡನೆ ಕೂತಿತು. ಆಮೇಲೆ ನೀನು ನನ್ನ ಕಡೆ ನೋಡಿದೆ. ಸೀಟಿನ ಮೇಲೆ ಕೂತವಳಿಗೆ ಆ ನಟ್ಟು ಕಾಣುವುದಿಲ್ಲ — ನಿನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತಿತ್ತು?

ಸಾವಕಾರರು ದೂರದಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು. "ಪಾನಾ ಹಚ್ಚಿ ನೋಡಲಾರದ ಗಾಡಿ ತಂದೀಯೇನಲೇ?" ಎಂದು ಕೂಗಿದರು.

"ನಂದ ತಪ್ಪರಿ," ಎಂದೆ ನೀನು. "ಮುಂಜಾನೆ ನೋಡಬೇಕಿತ್ತು."

ನಾನು ಹಿಡಿಕೆಯ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದೆ. ಇಳಿಯಬಹುದಿತ್ತು, ಹೇಳಬಹುದಿತ್ತು... ಕೂತೇ ಇದ್ದೆ. ಅದೇ ವಾರ ನಿನ್ನ ಕೆಲಸ ಹೋಯಿತೆಂದು ಕೇಳಿದೆ, ಆಗಲೂ ಹಾಗೆಯೇ ಕೂತಿದ್ದೆ.

ಸಣ್ಣ ಗಾಡಿಯೇ ಬಂತು. ಏಳು ಸುಗ್ಗಿ ಕಳೆದವು, ಗಂಗವ್ವ ಏಳು ಸುಗ್ಗಿಯೂ ಮೊಮ್ಮಕ್ಕಳನ್ನು ಎತ್ತಿಕೊಂಡಳು. ಅದನ್ನು ನೋಡಿದಾಗಲೆಲ್ಲ ನನಗೆ ಸೊಕ್ಕು ಬರುತ್ತಿತ್ತು, ಯಾಕೆ ಸುಳ್ಳು ಹೇಳಲಿ! ಕಸದ ನೀರು ನಿಂತರೆ ತಳ ತುಕ್ಕು ಹಿಡಿಯುತ್ತದೆಂದು ಗಾಡಿಯನ್ನು ದಿನವೂ ತೊಳೆದೆ, ವಾರವಾರ ಗ್ರೀಸ್ ಹೊಡೆದೆ. ಮುಂಜಾನೆ ಎಂಜಿನ್ ಎಣ್ಣೆ ನೋಡುವ ಮೊದಲು ಇದರ ಜಾಕಿನ ಪೈಪಿಗೂ ಇದ್ದ ಅಂಥದೇ ನಟ್ಟಿಗೆ ಕೈ ಹಚ್ಚಿ ನೋಡುವುದು ರೂಢಿಯಾಯಿತು. ಮಾಡಿದ್ದನ್ನು ಕದರಮಂಡಲಗಿಯ ಗುಡಿಯಲ್ಲಿ ಹನುಮಪ್ಪನ ಮುಂದೆ ಎಷ್ಟೋ ಶನಿವಾರ ಹೇಳಿಕೊಂಡಿದ್ದೇನೆ. ಅವನಿಗೆ ಹೇಳುವುದು ಸುಲಭ, ಅವನ ಕೆಲಸವೇನೂ ಹೋಗಿರಲಿಲ್ಲ.

ಹೋದ ತಿಂಗಳು ಗ್ರೀಸ್ ಗನ್ ಕೆಟ್ಟಿತೆಂದು ರಾಣೆಬೆನ್ನೂರಿಗೆ ಬಂದೆ. ರಿಪೇರಿ ಅಂಗಡಿಯಲ್ಲಿ ನೆಲದ ಮೇಲೆ ಕೂತು ಪಂಪು ಬಿಚ್ಚುತ್ತಿದ್ದವನು ನೀನು. ದಿನವೂ ಹಲಗೇರಿಯಿಂದ ಸೈಕಲ್ ತುಳಿದು ಬರುತ್ತೀಯಂತೆ. ತಿರುಗಿ ಹೋಗೋಣವೆಂದುಕೊಂಡೆ, ಅಷ್ಟರಲ್ಲಿ ನೀನು ಗುರುತು ಹಿಡಿದೆ.

"ಕುಂದರ್ರಿ ಅಕ್ಕಾರ, ಚಾ ತರಸ್ತೇನಿ. ಆವತ್ತ ನೀವು ಒದರಲಿಲ್ಲಂದ್ರ ನಾ ಉಳೀತಿದ್ದಿಲ್ಲರಿ."

ನಾನೇ ತೋಡಿದ ಗುಂಡಿಯಿಂದ ನಿನ್ನನ್ನು ಎತ್ತಿದ್ದಕ್ಕೆ ನನ್ನದೇ ಉಪಕಾರ ಸ್ಮರಿಸಿದೆಯಲ್ಲ, ಶಿವಾನಂದ... ಆಮೇಲೆ, ಕೈಯ ಎಣ್ಣೆ ಒರೆಸಿಕೊಳ್ಳುತ್ತ, ಸಿಟ್ಟಿಲ್ಲದೆ ನೀನು ಕೇಳಿದೆ: "ಖರೇ ಹೇಳ್ರಿ, ಆ ಗಾಡಿ ನಿಮಗ ಯಾಕ ಬ್ಯಾಡಾಗಿತ್ತು?"

ನಾನು ದೂಳಿನ ಮಾತು ಹೇಳಿದೆ, ಗಂಗವ್ವನ ಕಣ್ಣಿನ ಮಾತು ಹೇಳಿದೆ. ಅಂಚು ಎಲ್ಲಿಗಿರಬೇಕಿತ್ತೆಂದು ಸೊಂಟದ ಮೇಲೆ ಕೈ ಇಟ್ಟು ತೋರಿಸಿದೆ.

"ಇಷ್ಟನ? ನನಗೊಂದ ಮಾತ ಹೇಳಬೇಕಿಲ್ಲೇನ್ರಿ? ಮಗ್ಗಲಕ್ಕ ಸೊಂಟದ ಮಟ್ಟ ಒಂದ ಬಾಗಲಾ ಕೊಯ್ಸಿ ಕೊಡತಿದ್ದೆ. ಒಂದ ದಿನದ ಕೆಲಸರಿ ಅದು."

ನೀನು ನಟ್ಟಿನ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ. ಚಹಾ ಕುಡಿದು ಬಸ್ ಹತ್ತಿದೆ.

ಒಂದು ದಿನದ ಕೆಲಸ! ನಕ್ಕವರಿಗೆ ಹೇಳಿದೆ, ಕೇಳಬಹುದಾಗಿದ್ದವನಿಗೆ ಹೇಳಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಗಾಡಿ ಹೊಗಳುವವನು, ನೀನೂ ಅವರಂಥವನೇ ಎಂದುಕೊಂಡೆ. ನನ್ನ ಪಶ್ಚಾತ್ತಾಪ ಇರುವುದು ಇಲ್ಲಿ. ಇದಕ್ಕೆ ನನ್ನ ಹತ್ತಿರ ಯಾವ ಸಬೂಬೂ ಇಲ್ಲ.

ಆ ಸಣ್ಣ ಗಾಡಿಯ ತಳ ಕಡೆಗೂ ತುಕ್ಕು ತಿಂದಿದೆ. ಸೋಮವಾರ ಸಾವಕಾರರು ಹೊಸದನ್ನು ತರಿಸಿ ನೋಡುವವರಿದ್ದಾರೆ — ಮತ್ತೆ ಎತ್ತರದ್ದೇ ಅಂತೆ. ಈ ಸಲ ಪಾನಾ ಮುಟ್ಟುವುದಿಲ್ಲ. ಎಲ್ಲರೆದುರು ಮೊದಲು ನಟ್ಟಿನ ಮಾತು ಹೇಳುತ್ತೇನೆ, ತಪ್ಪು ಶಿವಾನಂದನದಲ್ಲ, ನನ್ನದು ಎನ್ನುತ್ತೇನೆ. ಆಮೇಲೆ ಬಾಗಿಲು ಕೊಯ್ಸಿರಿ ಎನ್ನುತ್ತೇನೆ. ನಕ್ಕರೆ ಖಾರದ ದೂಳಿನ ಬುಟ್ಟಿಯೊಂದನ್ನು ಅವರ ಕೈಗೇ ಕೊಟ್ಟು, ತಲೆಯ ಮೇಲೆತ್ತಿ ಸುರಿಯಿರಿ ಎನ್ನುತ್ತೇನೆ.

ಗಾಡಿಯ ಕೀಲಿ ಕಸಿದುಕೊಳ್ಳುತ್ತಾರೆ, ಗೊತ್ತು. ಕಸಿದುಕೊಳ್ಳಲಿ. ಬುಟ್ಟಿ ಹೊರುವುದನ್ನು ನಾನಿನ್ನೂ ಮರೆತಿಲ್ಲ.