ಒಂದು ರೊಟ್ಟಿ ಬಡಿಯುವಷ್ಟು ಹೊತ್ತು

ಹೋದ ವಾರ ಸಂಡೂರಿನ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಮಿಷನ್ನು ನಿಂತುಬಿಟ್ಟಿತು. ಕೆಟ್ಟಿರಲಿಲ್ಲ. ಅದರ ಗಾಜಿನ ಮೇಲೆ ಒಂದು ಸಣ್ಣ ಚಕ್ರ ಸುಮ್ಮನೆ ತಿರುಗುತ್ತಿತ್ತು, ಅಷ್ಟೆ. "ಸರ್ವರ್ ಸ್ಲೋ ಐತಿ, ತಡೀರಿ," ಎಂದು ಅಂಗಡಿಯವನು ಬೀಡಿ ಹಚ್ಚಲು ಹೊರಗೆ ಹೋದ. ನನ್ನ ಮುಂದೆ ಇನ್ನೂ ನಾಲ್ಕು ಜನ ಇದ್ದರು. ಕಟ್ಟೆಯ ಮೇಲೆ ಕುಳಿತು ಆ ಚಕ್ರ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ನೋಡಿಕೊಂಡರೆ ನನ್ನ ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ತಾನೇ ಬಡಿಯುತ್ತಿದೆ. ರೊಟ್ಟಿ ಬಡಿದಂತೆ.

ಕೈಗೆ ನೆನಪಿತ್ತು. ಆಮೇಲೆ ನನಗೂ ನೆನಪಾಯಿತು... ಆ ಕಂಪ್ಯೂಟರಪ್ಪ.

ಅವನ ಹೆಸರು ಬೇರೆ ಇತ್ತು. ಯಾರೂ ಕರೆಯುತ್ತಿರಲಿಲ್ಲ. ಸಂಡೂರಿನಿಂದ ಹೊಸಪೇಟೆಗೆ ಹೋಗುವ ರಸ್ತೆಯಲ್ಲಿ ಆಗ ಅದಿರಿನ ಲಾರಿ ತೂಗುವ ಒಂದು ಕಾಟಾ ಇತ್ತು. ನೆಲಕ್ಕೆ ಕೂರಿಸಿದ ದೊಡ್ಡ ಕಬ್ಬಿಣದ ಹಲಗೆ, ಪಕ್ಕದಲ್ಲಿ ಒಂದು ಕೋಣೆ, ಕೋಣೆಯಲ್ಲಿ ಕಂಪ್ಯೂಟರ್, ಕಂಪ್ಯೂಟರಿನ ಮುಂದೆ ಅವನು. ಅದರ ಕಿಟಕಿಗೆ ಬೆನ್ನು ಹಚ್ಚಿ ನನ್ನ ಅಂಗಡಿ. ಅಂಗಡಿ ಅಂದರೆ ನಾಲ್ಕು ಗೂಟ, ಮೇಲೊಂದು ತಾಡಪತ್ರಿ. ಡ್ರೈವರುಗಳಿಗೆ ಚಹಾ, ಜೋಳದ ರೊಟ್ಟಿ, ಕೆಂಪು ಚಟ್ನಿ. ಲಾರಿ ಹೋದಾಗೆಲ್ಲ ತಾಡಪತ್ರಿ ಎದ್ದು ಬಡಿದುಕೊಳ್ಳುತ್ತಿತ್ತು, ಕೆಂಪು ಧೂಳು ಹಿಟ್ಟಿನೊಳಗೆ ಬೀಳುತ್ತಿತ್ತು. ರೊಟ್ಟಿ ಕಡಿದರೆ ಹಲ್ಲಿಗೆ ಕರಕ್ ಅನ್ನುತ್ತಿತ್ತು. "ಅಕ್ಕಾರ, ನಿಮ್ಮ ರೊಟ್ಟಿಯಾಗ ಅದಿರು ಐತಿ. ಇದನ್ನೂ ತೂಗಿಸಿ ಪರ್ಮಿಟ್ ತಗೋರಿ," ಎಂದು ಡ್ರೈವರುಗಳು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ತಾಡಪತ್ರಿಯ ಜಾಗಕ್ಕೆ ನನಗೆ ತಗಡು ಬೇಕಿತ್ತು. ಮೂರು ವರ್ಷದಿಂದ ತಲೆಯಲ್ಲಿ ಅದೊಂದೇ.

ಕಂಪ್ಯೂಟರಪ್ಪ ಕಂಪ್ಲಿಯವನು. ಅಣ್ಣಂದಿರದು ಅಕ್ಕಿ ಗಿರಣಿ. ಇವನಿಗೆ ಗಿರಣಿಯ ತೌಡಿಗೆ ಉಬ್ಬಸ ಬರುತ್ತಿತ್ತಂತೆ, ಅದಕ್ಕೆ ಕಂಪ್ಯೂಟರ್ ಕಲಿತ. ತೌಡಿಗೆ ಹೆದರಿ ಬಂದವನು ಅದಿರಿನ ಧೂಳಿಗೆ ಬಿದ್ದಿದ್ದ! ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಇರುತ್ತಿದ್ದ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳನ್ನು ಸಂಡೂರಿಗೆ ಕರೆತಂದು ಬಾಡಿಗೆ ಮನೆ ಮಾಡಿದ್ದ, ಮಕ್ಕಳನ್ನು ಅಲ್ಲಿಯ ಶಾಲೆಗೆ ಹಾಕಿದ್ದ. "ಗಿರಣಿಗೆ ವಾಪಸ್ ಬರ್ತಾನ ನೋಡು" ಎಂದು ಅಣ್ಣಂದಿರು ಅಂದಿದ್ದರಂತೆ. ಆ ಮಾತು ಅವನಿಗೆ ಮುಳ್ಳಾಗಿ ಕೂತಿತ್ತು. ದಿನಕ್ಕೆ ನಾಲ್ಕು ಸಲ ನನ್ನ ಒಲೆಯ ಹತ್ತಿರ ಬರುತ್ತಿದ್ದ. ಹಿಟ್ಟಿನ ಗೋಣಿಚೀಲದ ಮೇಲೆ ಕುಳಿತು, "ಅಕ್ಕಾ, ಚಾ ಹಾಕು," ಅನ್ನುತ್ತಿದ್ದ. ಆ ಚೀಲದ ಮೇಲೆ ಬೇರೆ ಯಾರನ್ನೂ ನಾನು ಕೂರಿಸುತ್ತಿರಲಿಲ್ಲ.

ಲಾರಿ ಹಲಗೆ ಹತ್ತಿದರೆ ಒಂದು ಚೀಟಿ ಬರಬೇಕು. ಚೀಟಿಯಲ್ಲಿ ನಾಲ್ಕು ಸಾಲು. ಒಂದೊಂದು ಸಾಲಿಗೂ ಕಂಪ್ಯೂಟರು ತಂತಿಯೊಳಗೆ ಹೊಸಪೇಟೆಯ ಆಫೀಸನ್ನು ಕೇಳಬೇಕು, ಅಲ್ಲಿಂದ ಉತ್ತರ ಬರಬೇಕು, ಆಗ ಪ್ರಿಂಟರು ಕರ್ರ್ ಎಂದು ಕಿರುಚಿ ಆ ಸಾಲು ಹೊಡೆಯಬೇಕು. ನಾಲ್ಕು ಸಲ ಕಿರುಚಿದರೆ ಲಾರಿ ಬಿಟ್ಟರು ಅಂತ ಅರ್ಥ. ಗೋಡೆಯ ಈ ಕಡೆ ನನಗೆ ಎಲ್ಲ ಕೇಳುತ್ತಿತ್ತು. ನಾನು ಒಂದು ಕಪ್ ಚಹಾ ಸೋಸುವುದರೊಳಗೆ ನಾಲ್ಕೂ ಮುಗಿಯುತ್ತಿದ್ದವು.

ಒಂದು ಸೋಮವಾರ ಮಾಲೀಕರ ಕಡೆಯ ಇಂಜಿನಿಯರ್ ಜೀಪಿನಲ್ಲಿ ಬಂದು, ಮಧ್ಯಾಹ್ನದ ತನಕ ಕೋಣೆಯಲ್ಲಿ ಕುಳಿತು ಏನೋ ಮಾಡಿ ಹೋದ. ಕಂಪ್ಯೂಟರಪ್ಪ ಹಿಗ್ಗಿ ಬಂದು ಹೇಳಿದ: "ಯಂತ್ರಕ್ಕ ಹೊಸ ಭಾಷೆ ಹಾಕ್ಯಾರಕ್ಕಾ."

"ಇಷ್ಟು ದಿನ ಮೂಕ ಇತ್ತೇನು ಅದು?"

"ಹಂಗಲ್ಲ. ನಾವು ಅದಕ್ಕ ಕೆಲಸ ಹೇಳೋ ಭಾಷೆ ಒಂದಿರ್ತೈತಿ. ಭಾಷೆ ಅದೇ, ಮುದ್ರಣ ಹೊಸದು. ಸಾಲಿ ಪುಸ್ತಕ ಬದಲಿ ಮಾಡಂಗಿಲ್ಲೇನು, ಹಂಗ. ಇನ್ನ ಮ್ಯಾಲೆ ಎಲ್ಲಾ ಜಲ್ದಿ ಆಗ್ತಾವ ನೋಡು."

ಜಲ್ದಿ ಆಗಲಿಲ್ಲ. ಅವತ್ತು ಸಂಜೆಯಿಂದಲೇ ಲಾರಿ ಹಲಗೆ ಹತ್ತುತ್ತದೆ, ಪ್ರಿಂಟರು ಸುಮ್ಮನಿರುತ್ತದೆ. ಸುಮ್ಮನಿರುತ್ತದೆ... ಆಮೇಲೆ ಒಂದು ಸಾಲು ಕಿರುಚುತ್ತದೆ. ಮತ್ತೆ ಸುಮ್ಮನೆ. ಮರುದಿನ ಬೆಳಿಗ್ಗೆ ಲಾರಿಗಳ ಸಾಲು ತಿರುವಿನ ಆಚೆ ಹೋಗಿತ್ತು. ಹಾರ್ನು, ಬೈಗಳು, ಬಂದ್ ಮಾಡದೆ ಬಿಟ್ಟ ಇಂಜಿನ್ನುಗಳ ಹೊಗೆ. ಹೊಸಪೇಟೆ ಬಸ್ಸಿನವರು ಇಳಿದು ಬಂದು ಜಗಳ ಮಾಡಿದರು. ಡ್ರೈವರುಗಳು ಕಿಟಕಿಗೆ ಮುಖ ಹಚ್ಚಿ ಕೂಗುತ್ತಿದ್ದರು: "ಏ ಕಂಪ್ಯೂಟರಪ್ಪ, ನಿನ್ನ ಮಿಷನ್ ಬಸರಿ ಏನ್ಲೇ? ಒಂದೊಂದು ಸಾಲಿಗೂ ತಿಣುಕ್ತೈತಲ್ಲ!"

ಅವನು ಏನು ಮಾಡಲಿಲ್ಲ ಕೇಳಿ. ತಂತಿ ಬದಲಿಸಿದ. ಮಾಳಿಗೆ ಹತ್ತಿ ಅಲ್ಲಿ ತಂತಿ ಕೂಡುವ ಡಬ್ಬಿಯನ್ನು ಬಿಚ್ಚಿ ಮತ್ತೆ ಕೂರಿಸಿದ. ಧೂಳು ಹೊಕ್ಕಿರಬೇಕೆಂದು ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ನನ್ನ ಒಲೆ ಊದುವ ಕೊಳವೆಯಿಂದ ಊದಿದ. ಟೆಲಿಫೋನಿನವರನ್ನು ಕರೆಸಿದ, ಅವರು ನೋಡಿ, ನಮ್ಮ ಲೈನು ಸರಿಯಿದೆ ಎಂದು ಚಹಾ ಕುಡಿದು ಹೋದರು. ಇಂಜಿನಿಯರಿಗೆ ಫೋನ್ ಮಾಡಿದರೆ, ಹೊಸ ಭಾಷೆಯಲ್ಲಿ ತಪ್ಪಿಲ್ಲ, ನಡೆಸಲು ಬಾರದವನ ತಪ್ಪು ಎಂದನಂತೆ. ಊಟ ಬಿಟ್ಟ. ಕೋಣೆಯಿಂದ ಹಲಗೆಗೆ, ಹಲಗೆಯಿಂದ ಕೋಣೆಗೆ, ಬೋನಿನ ಇಲಿಯಂತೆ ಓಡಾಡುತ್ತಿದ್ದ.

ನಾನು ರೊಟ್ಟಿ ಬಡಿಯುತ್ತಿದ್ದೆ.

ಲಾರಿಗಳ ಸಾಲು ಬೆಳೆದಷ್ಟೂ ನನ್ನ ವ್ಯಾಪಾರ ಬೆಳೆಯಿತು. ಕಾಯುವವನಿಗೆ ಹಸಿವು ಜಾಸ್ತಿ. ಬೆಳಗಿನಿಂದ ಹಂಚು ಇಳಿಸಲು ಬಿಡುವಿಲ್ಲ. ಹಿಂಗೆ ಬಿಡದೆ ಬಡಿಯುತ್ತಿರುವಾಗ ಮೂರನೆಯ ದಿನ ಒಂದು ವಿಷಯ ನನ್ನ ಕೈಗೆ ಹತ್ತಿತು. ಪ್ರಿಂಟರು ಕಿರುಚಿದ ಕೂಡಲೇ ಹಿಟ್ಟಿನ ಉಂಡೆ ಕಲ್ಲಿನ ಮೇಲೆ ಇಟ್ಟರೆ, ಬಡಿದು, ತಿರುವಿ, ಎತ್ತಿ ಹಂಚಿಗೆ ಹಾಕುವ ಹೊತ್ತಿಗೆ ಸರಿಯಾಗಿ ಮತ್ತೆ ಕಿರುಚುತ್ತದೆ. ಒಂದು ಸಲ ಅಲ್ಲ, ಪ್ರತಿ ಸಲ. ತುಂಬಿದ ಲಾರಿಗೂ ಅಷ್ಟೆ, ಖಾಲಿ ಲಾರಿಗೂ ಅಷ್ಟೆ. ಮಧ್ಯಾಹ್ನದ ಗದ್ದಲದಲ್ಲೂ ಅಷ್ಟೆ, ನಸುಕಿನಲ್ಲಿ ಒಂದೇ ಲಾರಿ ಇದ್ದಾಗಲೂ ಅಷ್ಟೆ. ನಿಧಾನ ಅಂದರೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗಬೇಕು. ಸುಸ್ತಾದ ಎತ್ತು ಅಳತೆ ಇಟ್ಟು ನಡೆಯುತ್ತದೆಯೇ? ಇದು ಅಳೆದು ನಿಲ್ಲುತ್ತಿತ್ತು.

ಹಿಂಗೆ ಅಳೆದು ನಿಲ್ಲುವುದನ್ನು ನಾನು ಮೊದಲೇ ನೋಡಿದ್ದೆ. ನನ್ನ ತವರು ಚೋರನೂರಿನ ಕಡೆ ಮದುವೆಗೆ ಕರೆಯಲು ಹೊರಟವರು ಮೊದಲು ಗೌಡರ ಮನೆಗೇ ಹೋಗಬೇಕು. ಗೌಡರು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು, ಬಾಗಿಲಿಗೆ ಬೀಗ. ಆದರೂ ಕರೆಯುವವರು ಅಲ್ಲಿ ಹೋಗಿ, ಬಾಗಿಲಿಗೆ ಕುಂಕುಮ ಹಚ್ಚಿ, ಮೂರು ಸಲ ಕೂಗಿ, ಒಂದು ಎಲೆ-ಅಡಿಕೆ ಅಗಿಯುವಷ್ಟು ಹೊತ್ತು ನಿಂತೇ ಮುಂದಿನ ಮನೆಗೆ ಹೋಗುತ್ತಿದ್ದರು. ಮಳೆ ಬರಲಿ, ಬಿಸಿಲಿರಲಿ, ಹೊತ್ತು ಅಷ್ಟೇ. ಈ ಮಿಷನ್ನೂ ಎಲ್ಲೋ ಬೀಗ ಹಾಕಿದ ಮನೆಯ ಮುಂದೆ ನಿಂತು, ಯಾರೂ ಬರದಿದ್ದ ಮೇಲೆ ಹೊಸಪೇಟೆಗೆ ಹೋಗುತ್ತಿದೆ ಅನಿಸಿತು.

ಅನಿಸಿದ್ದು ಮೂರನೆಯ ದಿನ. ಹೇಳಲಿಲ್ಲ. ಓದದ ಹೆಂಗಸಿನ ಮಾತು ಯಾರು ಕೇಳುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅವನು ಕೇಳುತ್ತಿದ್ದ. ಲಾರಿಗಳ ಸಾಲು ಕರಗಿದರೆ ತಗಡು ಬರುವುದಿಲ್ಲ, ಅದಕ್ಕೆ ಹೇಳಲಿಲ್ಲ.

ಆ ವ್ಯಾಪಾರದ ದುಡ್ಡಿನಲ್ಲಿ ಭಾನುವಾರ ತಗಡು ಬಂದವು. ಅವತ್ತು ಡ್ರೈವರೊಬ್ಬ ಮೊಳೆ ಹೊಡೆದುಕೊಟ್ಟ. ಕಂಪ್ಯೂಟರಪ್ಪ ಬಂದು ಮೇಲೆ ನೋಡಿ, "ಮಸ್ತ್ ಆತು ನೋಡಕ್ಕ. ಇನ್ನ ಧೂಳಿಲ್ಲದ ರೊಟ್ಟಿ," ಅಂದ. ಅವನ ಕಣ್ಣು ಕೆಂಪಗಿದ್ದವು. ಆಗಲೂ ಬಾಯಿ ಬಿಡಲಿಲ್ಲ. ಪಕ್ಕಕ್ಕೂ ಎರಡು ತಗಡು ಹಾಕಿಸಿಬಿಡೋಣ ಅನಿಸಿತ್ತು.

ಸೋಮವಾರ ಕಾಟಾದ ಮ್ಯಾನೇಜರ್ ಬಂದು ಎಲ್ಲರೆದುರಿಗೆ ಅವನಿಗೆ ಹೇಳಿದ: "ಶುಕ್ರವಾರ ತನಕ ನೋಡ್ತೀನಿ. ಆಗದಿದ್ರ ನಿನ್ನ ಕುರ್ಚಿಗೆ ಇಂಜಿನಿಯರ್ ಕಡೆ ಮನುಷ್ಯ ಬರ್ತಾನ. ನೀ ಗಿರಣಿಗೆ ಹೋಗು."

ಗಿರಣಿ ಎಂಬ ಮಾತು ಮ್ಯಾನೇಜರಿಗೆ ಯಾರು ಹೇಳಿದ್ದರೋ... ಕಂಪ್ಯೂಟರಪ್ಪ ಕರವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡ.

ಗುರುವಾರ ಮಧ್ಯಾಹ್ನ ಬಂದು ಗೋಣಿಚೀಲದ ಮೇಲೆ ಕುಳಿತ. ಚಹಾ ಕೇಳಲಿಲ್ಲ. ಹಾಕಿಕೊಟ್ಟೆ. ಕೈಯಲ್ಲೇ ಹಿಡಿದುಕೊಂಡ.

"ನಾಳೆ ಹೋಗ್ತೀನಕ್ಕಾ," ಅಂದ. "ನಿನ್ನೆ ಹುಡುಗ್ಯಾರ ಸಾಲಿಗೆ ಹೋಗಿ ಟಿ.ಸಿ. ಇಸ್ಕೊಂಡು ಬಂದೆ. ಸಣ್ಣಾಕಿ ರಸ್ತೆ ಪೂರಾ ಅತ್ಲು."

ನಾನು ಹಿಟ್ಟಿನ ಕೈ ಝಾಡಿಸಿದೆ. ಮಕ್ಕಳ ಹೆಸರು ಶಾಲೆಯಿಂದ ತೆಗೆಸುವ ತನಕ ಹೋಗುತ್ತದೆ ಅಂತ ನಾನು ಎಣಿಸಿರಲಿಲ್ಲ.

"ಗಡಿಯಾರ ಐತೇನು ಕೈಯಾಗ?" ಎಂದೆ. "ಕುಂದ್ರು. ಏಳಬ್ಯಾಡ. ನಾ ಬಡಿತೀನಿ, ನೀ ನೋಡು."

"ಏನ್ ನೋಡ್ಲಿ?"

"ಬಾಯಿ ಮುಚ್ಚಿ ನೋಡು."

ಅಷ್ಟರಲ್ಲಿ ಒಂದು ಲಾರಿ ಹಲಗೆ ಹತ್ತಿತ್ತು. ಪಕ್ಕದ ಕೋಣೆಯಲ್ಲಿ ಅವನ ಜೊತೆ ಕೆಲಸ ಮಾಡುವವನು ಗುಂಡಿ ಒತ್ತಿದ್ದ. ಪ್ರಿಂಟರು ಒಂದು ಸಾಲು ಕಿರುಚಿತು. ನಾನು ಉಂಡೆ ಇಟ್ಟೆ. ಬಡಿದೆ, ತಿರುವಿದೆ, ಎತ್ತಿ ಹಂಚಿಗೆ ಹಾಕಿದೆ. ಕರ್ರ್. ಇನ್ನೊಂದು ಉಂಡೆ ಇಟ್ಟೆ. ಹಂಚಿಗೆ ಹಾಕಿದೆ. ಕರ್ರ್. ಮೂರನೆಯದಕ್ಕೆ ಅವನು ಗಡಿಯಾರ ಮೂಗಿನ ಹತ್ತಿರ ಹಿಡಿದಿದ್ದ.

"ಮೂರೂ ಸಮ ಅದಾವ," ಅಂದ.

"ನಿಧಾನ ಅಲ್ಲಪ್ಪ ಅದು. ಯಾರದೋ ದಾರಿ ಕಾಯ್ತೈತಿ. ಬೀಗ ಹಾಕಿದ ಮನಿ ಮುಂದ ನಿಂತು, ಬರಲಿಲ್ಲ ಅಂತ ತಿಳಿದು, ಆಮ್ಯಾಲೆ ಖರೇ ಮನಿಗೆ ಹೋಗ್ತೈತಿ. ಹೊಸ ಭಾಷೆ ಯಾರ ಮನಿ ಮೊದಲು ಹೋಗು ಅಂದೈತಿ, ಅದನ್ನ ಹುಡುಕು."

ಅವನು ಎದ್ದ. ಚಹಾ ಚೆಲ್ಲಿತು. ಓಡಿದ. ಕೋಣೆಯೊಳಗಿಂದ ಕಾಗದ ತಿರುವುವ ಸದ್ದು, ಹೊಸಪೇಟೆಗೆ ಫೋನಿನಲ್ಲಿ ಕೂಗುವ ಸದ್ದು. ನಾನು ಇನ್ನೂ ಒಂದು ಬುಟ್ಟಿ ರೊಟ್ಟಿ ಬಡಿದೆ. ಆಮೇಲೆ ಒಮ್ಮೆಗೇ ಪ್ರಿಂಟರು ಕರ್ರ್ ಕರ್ರ್ ಕರ್ರ್ ಕರ್ರ್ ಎಂದು ನಾಲ್ಕೂ ಸಾಲು ಒಂದೇ ಉಸಿರಿಗೆ ಕಿರುಚಿತು. ಡ್ರೈವರುಗಳು ಸಿಳ್ಳೆ ಹೊಡೆದರು. ಹೊತ್ತು ಇಳಿಯುವುದರೊಳಗೆ ತಿರುವಿನ ಆಚೆಯ ಲಾರಿಗಳೆಲ್ಲ ಕರಗಿದವು. ನನ್ನ ಬುಟ್ಟಿಯ ರೊಟ್ಟಿ ಹಂಗೇ ಉಳಿದವು.

ಸಂಜೆ ಬಂದ. ಮೂರು ದಿನದ ಜ್ವರ ಬಿಟ್ಟವನಂತೆ ಮುಖ. ಚೀಲದ ಮೇಲೆ ಕುಳಿತು ಬಿಡಿಸಿ ಹೇಳಿದ. ಕಂಪ್ಯೂಟರುಗಳಿಗೂ ಮನೆ ವಿಳಾಸ ಇರುತ್ತದಂತೆ. ಹಳೆಯ ನಮೂನೆಯದು ಒಂದು, ಹೊಸ ನಮೂನೆಯದು ಒಂದು. ಭಾಷೆಯ ಹೊಸ ಮುದ್ರಣ ಯಾವಾಗಲೂ ಹೊಸ ನಮೂನೆಯ ವಿಳಾಸಕ್ಕೇ ಮೊದಲು ಹೋಗುತ್ತದಂತೆ. ನಮ್ಮ ತಂತಿಯಲ್ಲಿ ಆ ನಮೂನೆಯ ದಾರಿಯೇ ಇಲ್ಲ. ಅಲ್ಲಿ ಗೊತ್ತುಮಾಡಿದಷ್ಟು ಹೊತ್ತು ಕಾದು, ಆಮೇಲೆ ಹಳೆಯ ವಿಳಾಸ ಹಿಡಿಯುತ್ತಿತ್ತು. "ಹಳೇ ವಿಳಾಸಕ್ಕೇ ಮೊದಲು ಹೋಗು ಅಂತ ಒಂದೇ ಸಾಲು ಬರೆದೆ ಅಕ್ಕಾ. ಒಂದೇ ಸಾಲು!" ಎಂದು ನಕ್ಕ. ಮ್ಯಾನೇಜರ್ ಬೆನ್ನು ತಟ್ಟಿದನಂತೆ, ಕುರ್ಚಿ ಉಳಿಯಿತಂತೆ.

ಆಮೇಲೆ ನಗು ನಿಲ್ಲಿಸಿದ. ರೊಟ್ಟಿಯ ಕಲ್ಲು ನೋಡಿದ.

"ಅಕ್ಕಾ, ಇದು ನಿನಗ ಯಾವಾಗ ತಿಳೀತು?"

ಇವತ್ತೇ ಅಂದಿದ್ದರೆ ಮುಗಿಯುತ್ತಿತ್ತು. ನನಗೆ ಸುಳ್ಳು ಬರುವುದಿಲ್ಲ ಅಂತಲ್ಲ. ಎಂಟು ದಿನ ಸುಮ್ಮನಿದ್ದದ್ದೇ ಸುಳ್ಳು, ಅದರ ಮೇಲೆ ಇನ್ನೊಂದು ಹೇರುವುದು ಬೇಡ ಅನಿಸಿತು.

"ಮೂರನೇ ದಿನಕ್ಕ," ಎಂದೆ.

ಅವನು ಮೇಲೆ ತಗಡು ನೋಡಿದ. ಬಹಳ ಹೊತ್ತೇನಲ್ಲ. ಒಂದು ರೊಟ್ಟಿ ಬಡಿಯುವಷ್ಟು ಹೊತ್ತು ಇರಬಹುದು. ಕಪ್ಪು ಕೆಳಗಿಟ್ಟು, ಚೀಲದಿಂದ ಎದ್ದು, ಬೆನ್ನು ಬಗ್ಗಿಸಿ ಹೊರಗೆ ಹೋದ.

ಮರುದಿನ ಶಾಲೆಗೆ ಹೋಗಿ ಟಿ.ಸಿ. ವಾಪಸು ಕೊಟ್ಟರೆ ದೊಡ್ಡವಳನ್ನು ತೆಗೆದುಕೊಂಡರು. ಚಿಕ್ಕವಳ ಕ್ಲಾಸು ತುಂಬಿತ್ತು, ಜಾಗ ಬೇರೆಯವರಿಗೆ ಹೋಗಿತ್ತು. ಆ ಮಗು ಆ ವರ್ಷ ಕಂಪ್ಲಿಯಲ್ಲಿ ಅಜ್ಜಿಯ ಹತ್ತಿರ ಇದ್ದು ಓದಿತು. ಇದನ್ನು ಅವನು ನನಗೆ ಹೇಳಲಿಲ್ಲ. ಡ್ರೈವರುಗಳು ಹೇಳಿದರು.

ಚಹಾ ಬಿಡಲಿಲ್ಲ ಅವನು. ದಿನಕ್ಕೆ ನಾಲ್ಕು ಸಲ ಮೊದಲಿನ ಹಾಗೆಯೇ ಬರುತ್ತಿದ್ದ. ಆದರೆ ಒಳಗೆ ಬರುತ್ತಿರಲಿಲ್ಲ. ತಗಡಿನ ನೆರಳು ಮುಗಿಯುವ ಕಡೆ, ಬಿಸಿಲಿನಲ್ಲಿ ನಿಂತು, "ಒಂದು ಚಾ ಕೊಡ್ರಿ," ಅನ್ನುತ್ತಿದ್ದ. "ಕುಂದ್ರು ಬಾ," ಎಂದು ಎರಡು ಸಲ ಕರೆದೆ. "ಇರ್ಲಿ ಬಿಡ್ರಿ, ಲಾರಿ ಬರ್ತಾವ," ಅಂದ. ಮೂರನೆಯ ಸಲ ನಾನು ಕರೆಯಲಿಲ್ಲ. ಆ ಚೀಲದ ಮೇಲೆ ಆಮೇಲೆ ಯಾರು ಬೇಕಾದರೂ ಕೂರುತ್ತಿದ್ದರು.

ಕೆಲವು ವರ್ಷಕ್ಕೆ ಗಣಿ ನಿಂತವು, ಲಾರಿಗಳು ನಿಂತವು. ಕಾಟಾದ ಹಲಗೆಯನ್ನು ಯಾರೋ ಕಡಿದು ಗುಜರಿಗೆ ಒಯ್ದರು. ಅವನು ತೋರಣಗಲ್ಲಿನಲ್ಲಿ ಇದ್ದಾನೆಂದು ಒಬ್ಬರು, ಊರಿಗೇ ಹೋದನೆಂದು ಒಬ್ಬರು. ಉಬ್ಬಸ ಜಾಸ್ತಿಯಾಗಿತ್ತು ಅಂತಲೂ ಕೇಳಿದೆ... ನಾನು ಹುಡುಕಲಿಲ್ಲ. ಹುಡುಕಿ ಏನು ಹೇಳುವುದಿತ್ತು?

ಹೋದ ವಾರ ರೇಷನ್ ಅಂಗಡಿಯಲ್ಲಿ ನನ್ನ ಮುಂದಿನ ನಾಲ್ಕು ಜನಕ್ಕೂ ತೊಡೆಯ ಮೇಲೆ ಬಡಿದು ನೋಡಿದೆ. ನಾಲ್ವರಿಗೂ ಸಮ. ನನ್ನ ಪಾಳಿ ಬಂದಾಗ ಅಂಗಡಿಯವನಿಗೆ ಹೇಳಿದೆ: "ಇದು ಸ್ಲೋ ಅಲ್ಲಪ್ಪ. ಎಲ್ಲೋ ಬೀಗ ಹಾಕಿದ ಮನಿ ಮುಂದ ನಿಂತು ಕಾಯ್ತೈತಿ. ಮ್ಯಾಲಿನವರಿಗೆ ಫೋನ್ ಮಾಡಿ ಹೇಳು."

"ಹೆಬ್ಬೆಟ್ಟು ಒತ್ತು ಅಜ್ಜಿ," ಅಂದ. ಹಿಂದಿನವರು ನಕ್ಕರು. ಒತ್ತಿದೆ. ಚಕ್ರ ತಿರುಗುವಾಗ ಇನ್ನೊಮ್ಮೆ ಹೇಳಿದೆ, ಜೋರಾಗಿ. ಕೇಳಿದರೆ ಕೇಳಲಿ, ಬಿಟ್ಟರೆ ಬಿಡಲಿ.

ಅಕ್ಕಿ ಹೊತ್ತು ಮನೆಗೆ ಬಂದು ಬಚ್ಚಲಿಗೆ ಹೋದೆ. ಅಂಗಡಿ ಕಿತ್ತಾಗ ಆ ತಗಡು ತಂದು ಬಚ್ಚಲ ಮೇಲೆ ಹಾಕಿಸಿದ್ದೆ. ಕಾಲು ತೊಳೆಯುತ್ತಾ ಮೇಲೆ ನೋಡಿದೆ. ಒಳ್ಳೆಯ ತಗಡು. ಇವತ್ತಿಗೂ ಒಂದು ತೂತು ಬಿದ್ದಿಲ್ಲ.