ಒಡ್ಡು ದಾಟಿದ ಸವಳು

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ನಮ್ಮ ದಾಂಪತ್ಯದಲ್ಲಿ ಎಂದೂ ನನ್ನದಾಗಿಲ್ಲ. ಬನಹಟ್ಟಿಯಿಂದ ಜಮಖಂಡಿಯ ಬಸ್ಸು ಹತ್ತಿದೊಡನೆ ನನ್ನ ಹೆಂಡತಿ ಗೌರವ್ವ ಕಿಟಕಿಗೆ ಸರಿಯುತ್ತಾಳೆ. ನನ್ನ ಪಾಲಿಗೆ ಉಳಿಯುವುದು ನಿಂತ ಪ್ರಯಾಣಿಕರ ಚೀಲ ಮತ್ತು ಮೊಣಕೈಗಳ ಭೂದೃಶ್ಯ. ಆಕೆಗೆ ಕಿಟಕಿ ಬೇಕಾಗುವುದು ಗಾಳಿಗಾಗಿ ಅಲ್ಲ. ದಾರಿಯಲ್ಲಿ ತವರಿನ ಹೊಲ ಬರುತ್ತದೆ, ಅದನ್ನು ನೋಡಬೇಕು. ಒಂದು ಬೇಸಿಗೆಯಲ್ಲಿ ಹಾಗೆ ನೋಡುತ್ತಿದ್ದವಳು, “ತಮ್ಮ ಬಸಪ್ಪನ ಹೊಲದಾಗ ಯಾರೋ ಸುಣ್ಣಾ ಚೆಲ್ಲ್ಯಾರ ನೋಡ್ರಿ” ಎಂದಳು. ನಾನು ಕತ್ತು ಚಾಚಿ ನೋಡಿದೆ. ಅದು ಸುಣ್ಣವಲ್ಲ, ಉಪ್ಪು.

ಸಾಲೆಯಲ್ಲಿ ಭೂಗೋಳ ಕಲಿಸಿಯೇ ನಾನು ಮುದುಕನಾದವನು. ನೆಲದ ರೂಪವನ್ನು ಬಿಸಿಲು, ಗಾಳಿ, ನೀರು ತಿದ್ದುತ್ತವೆ ಎಂಬುದನ್ನು ಎಷ್ಟು ಗಂಭೀರವಾಗಿ ಬೋಧಿಸುತ್ತಿದ್ದೆನೆಂದರೆ, ಹಿಂದಿನ ಬೆಂಚಿನವರು ಗಾಢನಿದ್ರೆಗೆ ಜಾರುತ್ತಿದ್ದರು. ಪಾಠದ ಕೊನೆಗೆ ಮನುಷ್ಯನ ಪಾತ್ರದ ಬಗ್ಗೆಯೂ ಒಂದು ಸಾಲಿತ್ತು; ಪರೀಕ್ಷೆಗೆ ಬಾರದ್ದರಿಂದ ಅದನ್ನು ಹಾರಿಸುತ್ತಿದ್ದೆವು. ಭೂಗೋಳ ಎಂಬ ಪದದೊಳಗೇ ಗೋಳು ಕೂತಿದೆ ಎಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ, ಅದೂ ಹೆಂಡತಿಯ ತವರಿನಿಂದ.

ಮಾವನವರು ತೀರಿಕೊಂಡ ಮೇಲೆ ಆ ಎರೆಹೊಲ ಎರಡಾಗಿತ್ತು. ಏರಿನ ಭಾಗ ಹಿರಿಯ ಮಗ ಮಲ್ಲಪ್ಪನಿಗೆ, ಹಳ್ಳದ ಕಡೆಗಿನ ಇಳಿಜಾರು ಕಿರಿಯ ಬಸಪ್ಪನಿಗೆ, ನಡುವೆ ಮೊಣಕಾಲೆತ್ತರದ ಒಂದು ಒಡ್ಡು. ಆಗೆಲ್ಲ ಬಿಳಿಜೋಳ, ಕಡಲೆ, ಕುಸುಬೆ. ಹಿಪ್ಪರಗಿಯಲ್ಲಿ ಬ್ಯಾರೇಜು ಎದ್ದು ಬೇಸಿಗೆಯಲ್ಲೂ ಕೃಷ್ಣೆ ತುಂಬಿ ನಿಲ್ಲತೊಡಗಿದಾಗ, ಅಣ್ಣತಮ್ಮಂದಿರು ಕೂಡಿಯೇ ನದಿಯಿಂದ ಪೈಪು ಎಳೆದರು, ಕೂಡಿಯೇ ಕಬ್ಬು ಹಚ್ಚಿದರು. ಮೊದಲ ಸುಗ್ಗಿಯಲ್ಲಿ ಬಸಪ್ಪ ಅಕ್ಕನಿಗೆ ಇಳಕಲ್ಲ ಸೀರೆ ಉಡಿಸಿದ. ಸೀರೆಯ ಊರಾದ ರಬಕವಿಯಲ್ಲಿ ಬೆಳೆದವನು ನಾನು. ಅದರ ಸೆರಗಿಗೆ ಕೊಂಕು ತೆಗೆಯದೆ ಬಾಯಿ ಮುಚ್ಚಿಕೊಂಡಿದ್ದು ನನ್ನ ಜೀವನದ ಒಂದು ಸಾಧನೆ.

ಎರೆಮಣ್ಣು ನೀರನ್ನು ಬೇಗ ಬಿಡುವ ಜಾತಿಯದಲ್ಲ. ಮಲ್ಲಪ್ಪ ಕರೆಂಟು ಬಂದಾಗಲೆಲ್ಲ ಮೋಟರು ಹಚ್ಚಿ ಕಬ್ಬಿನಲ್ಲಿ ನೀರು ನಿಲ್ಲಿಸಿದ. ಆ ನೀರು ನೆಲದೊಳಗಿಂದ ಇಳಿಜಾರಿಗೆ ಜಿನುಗಿತು, ತಮ್ಮನ ಹೊಲದಲ್ಲಿ ಮೇಲೆದ್ದಿತು. ಬಿಸಿಲಿಗೆ ತಾನು ಆವಿಯಾಗಿ ಹೋಗುವಾಗ ಉಪ್ಪನ್ನು ಮಾತ್ರ ಬಿಟ್ಟು ನೆಲವನ್ನು ಸವಳು ಮಾಡಿತು. ಬಸಪ್ಪನ ಕಬ್ಬು ಮೊದಲು ಗಿಡ್ಡಾಯಿತು, ಆಮೇಲೆ ಹಳದಿಯಾಯಿತು, ಆಮೇಲೆ ಇಲ್ಲವಾಯಿತು.

ಗೌರವ್ವ ನನ್ನನ್ನು ಸಂಧಾನಕ್ಕೆ ಕಳಿಸಿದಳು. ಮಲ್ಲಪ್ಪ ಮುತುವರ್ಜಿಯಿಂದ ರೊಟ್ಟಿ, ಎಣಗಾಯಿ, ಗುರೆಳ್ಳಿನ ಚಟ್ನಿಪುಡಿ ಬಡಿಸಿ, ನನ್ನ ಬಾಯಿ ತುಂಬಿದ್ದಾಗಲೇ ಕೇಳಿದ, “ನಾ ನನ್ನ ಹೊಲಕ್ಕ ನೀರ ಬಿಡಾಕತ್ತೇನ್ರಿ ಮಾಸ್ತರ. ಅವನ ಹೊಲಕ್ಕ ಬಿಟ್ಟೇನೇನು? ಭೂಮಿ ಒಳಗ ಅದು ಎಲ್ಲಿ ಹೊಕ್ಕೈತಿ ಅಂತ ನಾ ಏನ್ ಇಳದು ನೋಡ್ಲ್ಯಾ?” ನಾನು ಮಜ್ಜಿಗೆ ಕುಡಿದು ಎದ್ದುಬಂದೆ.

ಬಸಪ್ಪ ಮತ್ತೆರಡು ವರ್ಷ ಜೋಳ ಬಿತ್ತಿ ನೋಡಿದ. ಮೊಳಕೆ ಬರಲಿಲ್ಲ. ಎತ್ತು ಮಾರಿ, ಬನಹಟ್ಟಿಯಲ್ಲಿ ಬಾಡಿಗೆ ಮನೆ ಹಿಡಿದು, ಪಾವರ್‌ಲೂಮಿನ ಕೆಲಸಕ್ಕೆ ಸೇರಿದ. ಮಗ್ಗದ ಸದ್ದಿಗೆ ಒಗ್ಗಿದ ಮೇಲೆ ಅವನು ಮನೆಯಲ್ಲೂ ಗಟ್ಟಿಯಾಗಿ ಮಾತಾಡತೊಡಗಿದ. ಹೊಲದ ಮಾತು ಬಂದರೆ ಮಾತ್ರ ದನಿ ಇಳಿಯುತ್ತಿತ್ತು.

ಆ ನಡುವೆ ಕೃಷಿ ಇಲಾಖೆಯವರೊಬ್ಬರು ಬಂದು ನೋಡಿ ಹೇಳಿದರು: ನೀರು ತುಂಬುವ ಮೇಲಿನ ಹೊಲದಲ್ಲೇ ಬಸಿಗಾಲುವೆ ಶುರುವಾಗಬೇಕು, ಕೆಳಗಿನ ಹೊಲ ಹಾದು ಹಳ್ಳ ಸೇರಬೇಕು, ಹಾಗಾದರೆ ಎರಡೂ ಉಳಿದಾವು. ಆ ವೇಳೆಗೆ ಮಲ್ಲಪ್ಪನ ಕಬ್ಬೂ ಒಡ್ಡಿನ ಬುಡದಲ್ಲಿ ಬಾಡತೊಡಗಿತ್ತು. ಈಗ ಅವನೇ ನನ್ನನ್ನು ಕರೆಸಿದ. “ಬಸ್ಯಾಗ ಹೇಳ್ರಿ, ಕಾಲುವಿ ತೋಡಸ್ತೇನಿ. ಖರ್ಚೆಲ್ಲಾ ನಂದು.”

ಮುಂದಿನ ರವಿವಾರ ಮೂವರೂ ಹೊಲದಲ್ಲಿ ನಿಂತೆವು. ಅಣ್ಣ ತಮ್ಮ ಒಬ್ಬರನ್ನೊಬ್ಬರು ನೋಡದೆ ಇಬ್ಬರೂ ನನ್ನನ್ನು ನೋಡುತ್ತಿದ್ದರು. ಬಸಪ್ಪ ಚಪ್ಪಲಿ ಕಳಚಿ, ಹಳ್ಳದ ದಂಡೆಯಿಂದ ಬಿಳಿ ಪೊರೆಯ ಮೇಲೆ ಹಿಮ್ಮಡಿಯಿಂದ ಗೆರೆ ಎಳೆಯುತ್ತ ಬಂದ. ಪೊರೆ ಚರಚರ ಒಡೆಯುತ್ತಿತ್ತು. ಒಡ್ಡಿನ ಹತ್ತಿರ ಬಂದವನು ನಿಲ್ಲಲಿಲ್ಲ, ಹತ್ತಿ ಇಳಿದು, ಅಣ್ಣನ ಹಸಿರು ಕಬ್ಬಿನೊಳಗೆ ಹೊಕ್ಕು, ನಟ್ಟನಡುವೆ ನಿಂತು ಕೂಗಿದ, “ಇಲ್ಲಿಂದ.”

“ಅಲ್ಲ್ಯಾಕ?” ಎಂದ ಮಲ್ಲಪ್ಪ. “ಒಡ್ಡಿನಿಂದ ಕೆಳಗ ತೋಡಿದ್ರ ಸಾಕು.”

“ಸಾಕಾಗಂಗಿಲ್ಲ ಅಂತ ಸಾಹೇಬ್ರು ನಿನ್ನ ಮುಂದನ ಹೇಳ್ಯಾರಣ್ಣಾ. ನನ್ನ ಹೊಲ ಅಷ್ಟ ಸೀಳಬೇಕೇನು?”

ಮಲ್ಲಪ್ಪ ಕಬ್ಬಿನ ಕಡೆ ನೋಡಿದ. ಎದೆಯೆತ್ತರ ಬೆಳೆದ, ಗರಿ ಬೀಸುತ್ತಿದ್ದ ಕಬ್ಬು. “ಈ ಸಲದ್ದು ಕಡದಾಗ್ಲಿ, ಆಮ್ಯಾಲ ನೋಡೂಣು” ಎಂದ.

ಬಸಪ್ಪ ಕಾಲಿನ ಉಪ್ಪು ಕೊಡವಿಕೊಂಡು ಚಪ್ಪಲಿ ಮೆಟ್ಟಿದ. ಪಾಳಿಗೆ ಹೊತ್ತಾಯಿತೆಂದು ನನಗೆ ಮಾತ್ರ ಹೇಳಿ ಹೋದ. ಬಸಿಯಬೇಕಾದದ್ದು ನೀರು, ಅಂದು ನನ್ನ ಕಣ್ಣೆದುರಿಗೆ ಬಸಿದುಹೋದದ್ದು ಅಣ್ಣತಮ್ಮಂದಿರ ನಂಟು.

ಕಬ್ಬು ಕಡಿದದ್ದಾಯಿತು. ಕಡಿದ ಬುಡದಿಂದ ಕುಳೆ ಛಲೋ ಚಿಗುರಿತೆಂದು ಮಲ್ಲಪ್ಪ ಅದನ್ನೂ ಬೆಳೆಯಬಿಟ್ಟ. ಮರುಬೇಸಿಗೆಗೆ ಬಿಳುಪು ಒಡ್ಡು ದಾಟಿ, ಅವನ ಹೊಲದ ಅರ್ಧದವರೆಗೂ ಏರಿತ್ತು. ನಾನು ಹೋದಾಗ ಅವನು ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮಣ್ಣಿನ ಒಂದು ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದ.

“ಮಾಸ್ತರ, ಇದು ಮೊದಲಿನಂಗ ಆಗಾಕ ಎಷ್ಟ ವರ್ಷ ಹಿಡೀತಾವ್ರಿ?”

ಕರಿಕಲ್ಲು ಬಿಸಿಲು ಮಳೆಗೆ ಸವೆದು ಸವೆದು ಎರೆಮಣ್ಣಾಗಲು ಎಷ್ಟು ಯುಗಗಳು ಹಿಡಿದವೆಂಬುದನ್ನು ನಾನು ಮಕ್ಕಳಿಗೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅದನ್ನು ಕೆಡಿಸಲು ಒಂದು ಸಂಸಾರಕ್ಕೆ ಎಷ್ಟು ಸುಗ್ಗಿ ಸಾಕಾದವೆಂಬುದನ್ನು ಈಗ ನೋಡಿದ್ದೆ. ಅವನು ಕೇಳಿದ ಲೆಕ್ಕ ಮಾತ್ರ ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಮೋಟರಿನ ಮನೆಯ ದೀಪ ಹತ್ತಿತು.

“ಕರೆಂಟ್ ಬಂತು” ಎಂದ ಮಲ್ಲಪ್ಪ. ಕೈ ಒರೆಸಿಕೊಂಡು, ಮೋಟರು ಹಚ್ಚಲು ದಡದಡ ನಡೆದ.