ಹಡಗಿನ ಆಟಕ್ಕೆ ಕಾದ ದಾವಲಸಾಬ ಕಾಕಾ

ದಾವಲಸಾಬ ಕಾಕಾ ವಿಡಿಯೊ ಗೇಮುಗಳನ್ನು ನೋಡುತ್ತಿರಲಿಲ್ಲ, ಮೂಸುತ್ತಿದ್ದರು. ಮುಂದಿನ ವರ್ಷ ಬರಲಿರುವ ಯಾವುದೋ ಆಟದ ಟ್ರೇಲರ್ ಹಾಕಿದರೆ ಸಾಕು, ಸ್ಟೂಲು ಎಳೆದುಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದರು. ನಡುವೆ ನಿಲ್ಲಿಸಲು ಹೇಳಿ, ಹೆಬ್ಬೆರಳಿಗೆ ತೋರುಬೆರಳು ತಿಕ್ಕುತ್ತ ತೀರ್ಪು ಕೊಡುತ್ತಿದ್ದರು. "ಬಣ್ಣ ಐತಿ ತಮ್ಮಾ. ಖಾರ ಇಲ್ಲ." ಎಲ್ಲೋ ದೂರದ ದೇಶದಲ್ಲಿ ನೂರಾರು ಜನ ವರ್ಷಗಟ್ಟಲೆ ದುಡಿದ ಆಟದ ಕಥೆ ರಾಣೆಬೆನ್ನೂರಿನಲ್ಲಿ ಅಲ್ಲಿಗೆ ಮುಗಿಯುತ್ತಿತ್ತು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಬ್ಬ ವ್ಯಾಪಾರಿಯ ಬಳಿ ಮಾಲು ನೋಡುವ ಕೆಲಸ ಅವರದು. ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕಾಯಿ ಮುರಿದು, ಬೀಜ ನೋಡಿ, ಮೂಸಿ ಒಂದು ದರ ಹೇಳಿದರೆ ಯಜಮಾನರು ಟೆಂಡರಿನಲ್ಲಿ ಅದನ್ನೇ ಬರೆಯುತ್ತಿದ್ದರು. ನನ್ನದು ರಾಣೆಬೆನ್ನೂರಿನಲ್ಲಿ ಟಿವಿ ರಿಪೇರಿ ಅಂಗಡಿ. ರಿಪೇರಿಯಾದ ಟಿವಿ ಪರೀಕ್ಷಿಸಲು ಬೆಂಚಿನ ಮೇಲೆ ಒಂದು ಗೇಮ್ ಮಷೀನು ಇಟ್ಟಿದ್ದೆ. ಹತ್ತು ವರ್ಷದ ಹಿಂದೆ ಒಂದು ಭಾನುವಾರ ಮನೆಯ ಟಿವಿ ಹೊತ್ತು ತಂದ ಕಾಕಾ "ಇದೇನೋ ಇದು?" ಎಂದು ಅದರ ಕಂಟ್ರೋಲರು ಎತ್ತಿಕೊಂಡರು. ಟಿವಿ ಸಂಜೆಗೆ ರೆಡಿಯಾಗಿ ಬ್ಯಾಡಗಿಗೆ ಹೋಯಿತು. ಕಾಕಾ ಮಾತ್ರ ಅಂದಿನಿಂದ ಪ್ರತಿ ಭಾನುವಾರ ಬರಲು ಹಿಡಿದರು.

ಆವತ್ತು ಮಷೀನಿನಲ್ಲಿ ಇದ್ದದ್ದು ಒಂದು ಹಡಗಿನ ಆಟ. ಒಂದು ಬಂದರಿನಲ್ಲಿ ಮಸಾಲೆ ತುಂಬಿ, ಬಿರುಗಾಳಿ ತಪ್ಪಿಸಿ, ಇನ್ನೊಂದು ಬಂದರಿಗೆ ಮುಟ್ಟಿಸಬೇಕು. ಐರಣಿಯ ಹತ್ತಿರ ತುಂಗಭದ್ರೆಯನ್ನು ಬಿಟ್ಟರೆ ಬೇರೆ ದೊಡ್ಡ ನೀರು ಕಾಣದ ಮನುಷ್ಯ ಅದನ್ನು ಮೂರು ಸಲ ಕೊನೆಮುಟ್ಟಿಸಿದರು. ಅಷ್ಟರಲ್ಲಿ ಅದರ ಎರಡನೆಯ ಭಾಗ ಬರಲಿದೆ ಎಂಬ ಸುದ್ದಿ ಬಂತು. ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು. ಕಾಕಾ ಬೇರೆ ಆಟ ಮುಟ್ಟುವುದನ್ನೇ ಬಿಟ್ಟರು.

"ಕಾಕಾ, ಇದನ್ನರ ಆಡ್ರಿ. ಚಲೋ ಐತಿ" ಎಂದರೆ, "ತಡಿ, ಹಡಗ ಬರ್ಲಿ" ಎನ್ನುತ್ತಿದ್ದರು. ಹಡಗು ಬರಲಿಲ್ಲ. ಆಟದ ಕಂಪನಿಯವರು ಆರು ವರ್ಷದಲ್ಲಿ ನಾಲ್ಕು ಸಲ ತಾರೀಖು ಹೇಳಿ ನಾಲ್ಕು ಸಲವೂ ಮುಂದಕ್ಕೆ ಹಾಕಿದರು. ಪ್ರತಿ ಸಲ ನಾನು ಹಲ್ಲು ಕಡಿಯುತ್ತಿದ್ದೆ, ಕಾಕಾ ನಗುತ್ತಿದ್ದರು. "ರೇಟ್ ಬರೂತನ ಮಾಲ್ ಕೋಲ್ಡ್ ಸ್ಟೋರೇಜಿನ್ಯಾಗ ಇಡಂಗಿಲ್ಲೇನು? ಕಾಯಾಕ ಬರಬೇಕಪಾ ಮನಷ್ಯಾಗ."

ಜನವರಿ ಬಂತೆಂದರೆ ಇನ್ನೊಂದು ಕಾಟ. ಆ ವರ್ಷ ಬರಲಿರುವ ಆಟಗಳ ಟ್ರೇಲರುಗಳನ್ನೆಲ್ಲ ಒಂದೇ ಭಾನುವಾರ ನೋಡಿ ಮುಗಿಸಬೇಕು. ಗಿರಾಕಿ ತನ್ನ ಟಿವಿಗಾಗಿ ಬಾಗಿಲಲ್ಲಿ ನಿಂತಿದ್ದರೂ ಕಾಕಾ ಏಳುವವರಲ್ಲ. "ಚೀಲದ ಬಾಯಾಗ ಎಲ್ಲಾರೂ ಚಲೋ ಕಾಯೀನ ಇಟ್ಟಿರ್ತಾರ. ಒಳಗ ಕೈ ಹಾಕಬೇಕು" ಎಂದು ಆ ಗಿರಾಕಿಗೇ ಪಾಠ. ಹಳೆಯ ಆಟಕ್ಕೆ ಹೊಸ ಚಿತ್ರ ಹಾಕಿ ಮತ್ತೆ ಮಾರುತ್ತಿದ್ದಾರೆ ಎಂದರೆ, "ಹ್ವಾದ ವರ್ಷದ ಕಾಯಿಗೆ ಎಣ್ಣಿ ಸವರ್ಯಾರ." ಅರ್ಧ ತಯಾರಾದ ಆಟ ಮಾರಿ ಆಮೇಲೆ ಸರಿಪಡಿಸುತ್ತಾರೆ ಎಂದರೆ, "ಹಸೀ ಮಾಲು. ಒಣಗಿಸೋದು ನಮ್ಮ ಮನ್ಯಾಗ." ಇನ್ನು ಮೇಲೆ ಡಿಸ್ಕೇ ಇರುವುದಿಲ್ಲ, ಎಲ್ಲ ಡೌನ್‌ಲೋಡು ಎಂದಾಗ ಮಾತ್ರ ಸಿಟ್ಟಾದರು. "ಕೈಗೆ ಸಿಗದ ಮಾಲಿಗೆ ರೊಕ್ಕ ಯಾಂವ ಕೊಡ್ತಾನ?" ಇಷ್ಟೆಲ್ಲ ಗೊತ್ತಿದ್ದ ಮನುಷ್ಯ ಹಡಗಿನ ಆಟದ ಟ್ರೇಲರ್ ಬಂದಾಗ ಮಾತ್ರ ಚಿಕ್ಕ ಹುಡುಗನ ಹಾಗೆ ಬಾಯಿ ತೆರೆದು ಕೂರುತ್ತಿದ್ದರು. ಅದರ ಚೀಲಕ್ಕೆ ಒಮ್ಮೆಯೂ ಕೈ ಹಾಕಲಿಲ್ಲ.

ಒಂದು ಭಾನುವಾರ ಕಾಕಾ ತಮ್ಮ ಕರ್ಚೀಫಿನಿಂದ ನನ್ನ ಟಿವಿಯ ಪರದೆ ಒರೆಸತೊಡಗಿದರು. ಒರೆಸಿದರು, ನೋಡಿದರು, ಮತ್ತೆ ಒರೆಸಿದರು. "ಎಷ್ಟ ಹೊಲಸ ಇಟ್ಟೀಯೋ. ನಡುವ ಕರೀ ಕಲೆ ಐತಿ" ಎಂದರು. ಪರದೆ ಸ್ವಚ್ಛವಾಗಿತ್ತು. ಅಷ್ಟು ಹತ್ತಿರ ಕೂರುತ್ತಿದ್ದದ್ದು ಪೇಟೆಯ ಚಾಳಿ ಎಂದುಕೊಂಡಿದ್ದ ನನಗೆ, ಅದು ಕಣ್ಣಿನ ತೊಂದರೆ ಎಂದು ಆಗ ಹೊಳೆಯಿತು. ಬೈದು, ಕೈಹಿಡಿದು ಎಳೆದುಕೊಂಡು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಹೋದೆ. ಸಕ್ಕರೆ ಕಾಯಿಲೆ ಎರಡೂ ಕಣ್ಣಿನ ಪರದೆಗೆ ಇಳಿದಿತ್ತು. ಎಡಗಣ್ಣು ಹೆಚ್ಚುಕಡಿಮೆ ಹೋದ ಹಾಗೆಯೇ ಎಂದರು ಡಾಕ್ಟರು. ಬಲಗಣ್ಣಿಗೆ ಬೇಗ ಆಪರೇಷನ್ ಮಾಡಿದರೆ ಉಳಿಯಬಹುದು. ಆಮೇಲೆ ಒಂದು ವಾರ ಬೋರಲು ಮಲಗಬೇಕು, ಒಂದು ತಿಂಗಳು ಟಿವಿ, ಫೋನು ನೋಡುವ ಹಾಗಿಲ್ಲ.

ಈ ಕೊನೆಯ ಮಾತು ಆಡಬಾರದಿತ್ತು ಡಾಕ್ಟರು. ಹಡಗಿನ ಆಟಕ್ಕೆ ಕಂಪನಿಯವರು ಐದನೆಯ ಸಲ ತಾರೀಖು ಹೇಳಿದ್ದರು, ಇನ್ನು ಮೂರೇ ವಾರ ಇತ್ತು.

"ಹಡಗ ಬರ್ಲಿ. ಒಂದ ಸಲ ಆಡಿ ಮುಗಿಸಿ ಮಾಡಿಸ್ಕೊಂತೀನಿ" ಎಂದರು ಕಾಕಾ, ಬಸ್ಸಿನಲ್ಲಿ.

"ಕಣ್ಣ ಹೋದ್ರ ಏನ್ ಆಡ್ತೀರಿ? ಪ್ಯಾಟ್ಯಾಗ ಕಾಯಿ ಹೆಂಗ ನೋಡ್ತೀರಿ?"

"ಆರ್ ವರ್ಷ ಕಾದೇನಿ ತಮ್ಮಾ. ಮೂರ್ ವಾರದಾಗ ಏನ್ ಆಗತೈತಿ?"

ಹಾವೇರಿ ಬರುವ ತನಕ ಜಗಳವಾಡಿದೆವು. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ಮರುದಿನ ಕಾಕಿಯ ಫೋನು. "ನಾ ಅತ್ತರೂ ಕೇಳವಲ್ರು. ಚಾದ ಕಪ್ಪು ಕೈಗೆ ಸಿಗವಲ್ದು, ಆದ್ರೂ ಹಡಗ ಹಡಗ ಅಂತಾರ. ನೀ ಏನರ ಮಾಡೋ ಯಪ್ಪಾ."

ನಾನು ಮಾಡಿದ್ದು ಇಷ್ಟು. ಫೋನಿನ ಅಕ್ಷರ ಕಾಣದಾದ ಮೇಲೆ ಆಟಗಳ ಸುದ್ದಿಯನ್ನೆಲ್ಲ ಅವರು ನನ್ನ ಬಾಯಿಂದಲೇ ಕೇಳುತ್ತಿದ್ದರು. ಮುಂದಿನ ಭಾನುವಾರ, ಮುಖ ಸಪ್ಪಗೆ ಮಾಡಿಕೊಂಡು, "ಕಾಕಾ, ಹಡಗ ಮತ್ತ ಮುಂದ ಹೋತ್ರಿ. ಇನ್ನೂ ಒಂದ ವರ್ಷ ಅಂತ" ಎಂದೆ. ಅವರು ಬೆರಳು ತಿಕ್ಕಲಿಲ್ಲ. "ಹೌದಾ?" ಎಂದು ಒಂದೇ ಸಲ ಕೇಳಿದರು. "ಹೌದ್ರಿ" ಎಂದೆ. "ಹಂಗಾರ ನಡಿ, ಕಣ್ಣ ಮಾಡಿಸ್ಕೊಂಡ ಬರೂಣು."

ಹಾಳಾದ ಆಟ ನಾಲ್ಕು ಸಲ ಕೈಕೊಟ್ಟಿತ್ತಲ್ಲ, ಐದನೆಯ ಸಲವೂ ಕೊಟ್ಟಿದ್ದರೆ ನನ್ನ ಸುಳ್ಳು ನಿಜವಾಗುತ್ತಿತ್ತು. ಈ ಸಲ ಹೇಳಿದ ದಿನವೇ ಬಂತು. ಅದು ಬಿಡುಗಡೆಯಾದ ಬೆಳಗ್ಗೆ ಕಾಕಾ ಬ್ಯಾಡಗಿಯ ಮನೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ದಿಂಬಿನಲ್ಲಿ ಮುಖ ಹುದುಗಿಸಿ ಬೋರಲು ಮಲಗಿದ್ದರು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ.

"ಹಡಗಿನ ಸುದ್ದಿ ಏನರ ಬಂತೇನೋ?" ದಿಂಬಿನೊಳಗಿಂದ ದನಿ ಬಂತು.

"ಇಲ್ರಿ ಕಾಕಾ."

ಅವರ ಬೆನ್ನನ್ನು ನೋಡುತ್ತ ಹೇಳಿದೆ. ಮುಖ ನೋಡಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ತಿಂಗಳು ಕಳೆದು ಪಟ್ಟಿ ಹೋಯಿತು, ಬಲಗಣ್ಣು ಉಳಿಯಿತು. ಡಾಕ್ಟರು ಒಪ್ಪಿಗೆ ಕೊಟ್ಟ ದಿನ ಕಾಕಾ ಮೊದಲು ಓದಿದ್ದು ಫೋನಿನಲ್ಲಿ ಹಡಗಿನ ಸುದ್ದಿಯನ್ನು. ಮರುದಿನವೇ ನನ್ನ ಅಂಗಡಿಗೆ ಬಂದರು. ಅದು ಭಾನುವಾರವಲ್ಲ, ಪೇಟೆಯ ದಿನ. ಸ್ಟೂಲು ಕೊಟ್ಟರೆ ಕೂರಲಿಲ್ಲ.

"ಕಣ್ಣ ಉಳಿಸ್ದಿ. ಖರೇ ಐತಿ, ಇಲ್ಲ ಅನ್ನಂಗಿಲ್ಲ" ಎಂದರು. "ಆದ್ರ ಕೇಳು. ಮೂವತ್ತ ವರ್ಷದಾಗ ಒಳಗ ಕೈ ಹಾಕಿ ನೋಡಲಾರದ ಒಂದೂ ಚೀಲ ಪಾಸ್ ಮಾಡಿಲ್ಲ ನಾ. ನಿನ್ನ ಮಾತಿಗೆ ಕೈ ಹಾಕಿ ನೋಡ್ಲಿಲ್ಲ. ನೀ ಅಂದಿ, ಮುಗೀತು ಅಂದ್ಕೊಂಡ್ನಿ."

"ಮತ್ತೇನ್ ಮಾಡ್ಬೇಕಿತ್ರಿ ಕಾಕಾ? ನೀವ್ ಕೇಳ್ತಿದ್ರ್ಯಾ?"

"ಕೇಳ್ತಿದ್ದಿಲ್ಲ" ಎಂದರು. ಹೋಗಿಬಿಟ್ಟರು.

ಇದೆಂಥ ನ್ಯಾಯ ಎಂದು ಇವತ್ತಿಗೂ ಸಿಟ್ಟು ಬರುತ್ತದೆ. ಸುಳ್ಳು ಹೇಳಿದ್ದು ತಪ್ಪೇ ಇರಲಿ, ಯಾರ ಕಣ್ಣಿಗಾಗಿ ಹೇಳಿದೆ? ಭಾನುವಾರಗಳು ಬಂದು ಹೋದವು. ಆ ಆಟವನ್ನು ಮಷೀನಿಗೆ ಇಳಿಸಿ ಇಟ್ಟು ಫೋನು ಮಾಡಿದರೆ ಎತ್ತಲಿಲ್ಲ. ಕಾಕಿ ಮಾತ್ರ ಒಮ್ಮೆ ಎತ್ತಿ, "ಬಿಡೋ ಯಪ್ಪಾ, ಅವರ ಸ್ವಭಾವ ನಿನಗ ಗೊತ್ತೈತಿ. ಕೆಲಸಕ್ಕ ಹೊಂಟಾರ, ಅಷ್ಟ ಸಾಕ" ಎಂದರು. ಇಳಿಸಿದ ಆಟವನ್ನು ನಾನು ಒಬ್ಬನೇ ಶುರುಮಾಡಲಿಲ್ಲ. ಮನಸ್ಸಾಗಲಿಲ್ಲ.

ಕಡೆಯ ಸಲ ಅವರನ್ನು ಕಂಡದ್ದು ಹೋದ ಚಳಿಗಾಲ. ಗಿರಾಕಿಯೊಬ್ಬರ ಮನೆಗೆ ಟಿವಿ ಕೂರಿಸಲು ಬ್ಯಾಡಗಿಗೆ ಹೋಗಿದ್ದೆ. ಪೇಟೆಯ ಎದುರು ರಸ್ತೆ ತುಂಬ ಲಾರಿಗಳು, ಘಾಟಿಗೆ ಎಲ್ಲರೂ ಸೀನುತ್ತಿದ್ದರು. ನಾನು ಈಚೆ ಬದಿಯಲ್ಲಿ, ಮೂಗಿಗೆ ಟವೆಲು ಕಟ್ಟಿಕೊಂಡು, ಹತ್ತಾರು ಜನರ ನಡುವೆ ನಿಂತಿದ್ದೆ. ಕಾಕಾ ಆಚೆ ಬದಿ, ಬಹಳ ದೂರದಲ್ಲಿ, ರಾಶಿಯ ಮುಂದಿನಿಂದ ಎದ್ದು ಕೈ ಝಾಡಿಸಿಕೊಳ್ಳುತ್ತ ರಸ್ತೆಯ ಕಡೆಗೆ ತಿರುಗಿದರು. ನಾನು ಕೈ ಎತ್ತಲಿಲ್ಲ, ಕೂಗಲಿಲ್ಲ. ಅಷ್ಟು ದೂರದಿಂದ, ಅಷ್ಟು ಜನರೊಳಗೆ, ಟವೆಲು ಕಟ್ಟಿದ ನನ್ನನ್ನು ಒಂದೇ ನೋಟಕ್ಕೆ ಗುರುತು ಹಿಡಿದು, ಮುಖ ತಿರುಗಿಸಿಕೊಂಡು ಒಳಗೆ ಹೋದರು.